ನಾಯಿ ಬಾಲ ಡೊಂಕೇ ಇರ್ಲಿ, ಬಿಡಿ

"ನಾಯಿ ಬಾಲ ಯಾವತ್ತಿದ್ರೂ ಡೊಂಕೇ." ಕಳೆದ ಎಂಟು ತಿಂಗಳಲ್ಲಿ ಈ ಗಾದೆಯನ್ನ ನಾನು ಕೇಳಿದಷ್ಟು ಸಲ ನಮ್ಮ ಕಾಲೇಜಲ್ಲಿ ಬೇರೆ ಯಾರೂ ಕೇಳಿರಲಿಕ್ಕಿಲ್ಲ. ಅಪ್ಪ ಹೇಳಿದ್ರು, ಪಕ್ಕದ ಮನೆ ಅಂಕಲ್ ಹೇಳಿದ್ರು, ಹಾಲು ಹಾಕೋಕೆ ಬರೋ ಅಣ್ಣ ಹೇಳಿದ್ರು. ನನ್ನ ತಮ್ಮನಿಗೆ ಕನ್ನಡದಲ್ಲಿ ಗೊತ್ತಿರೋ ಗಾದೆಗಳು ಒಟ್ಟು ಮೂರೋ ನಾಲ್ಕೋ, ಅದರಲ್ಲಿ ಇದೂ ಒಂದು. ಅವನೂ ಹೇಳಿದ. ಎಲ್ಲರ ಅರ್ಥವೂ ಒಂದೇ: ಬೀದಿಯಿಂದ ತಂದ ನಾಯಿಯ ಕೆಟ್ಟ ಬುದ್ಧಿ ಹೋಗಲ್ಲ, ಸುಮ್ನೆ ಟೈಮ್ ವೇಸ್ಟ್ ಮಾಡ್ಬೇಡ.

ಗಾದೆ ಸುಳ್ಳು ಅಂತ ನಾನು ಹೇಳ್ತಿಲ್ಲ. ನಮ್ಮ ರಾಗಿಯ ಬಾಲ ಡೊಂಕೇ ಇದೆ, ಇನ್ನು ಮುಂದೂ ಹಾಗೇ ಇರುತ್ತೆ. ಆದ್ರೆ ಬಾಲ ಡೊಂಕಾಗಿರೋದು ಹುಟ್ಟಿನಿಂದ. ಚಪ್ಪಲಿ ಕಚ್ಚೋದು, ಅಡುಗೆ ಕಟ್ಟೆಯಿಂದ ಚಪಾತಿ ಎಗರಿಸೋದು, ಬಂದವರ ಮೇಲೆಲ್ಲ ಹಾರೋದು ಹುಟ್ಟಿನಿಂದ ಬಂದದ್ದಲ್ಲ, ಕಲಿತದ್ದು. ಯಾರಿಂದ ಕಲಿತಳು ಅನ್ನೋದು ಮುಜುಗರದ ವಿಷಯ. ಹೆಚ್ಚಿನದ್ದನ್ನ ನಮ್ಮಿಂದಲೇ ಕಲಿತಳು. ಈ ಲೇಖನ ಬರೀತಿರೋದು ಅದನ್ನ ಒಪ್ಪಿಕೊಳ್ಳೋಕೆ. ಜೊತೆಗೆ, ನಮ್ಮ ಕ್ಯಾಂಪಸ್‌ನಲ್ಲಿ ಈಗ ನಾಯಿ ದತ್ತು ತಗೋತೀನಿ ಅಂತ ಹೊರಟಿರೋರಿಗೆ ಒಂದು ಮಾತು ಹೇಳೋಕೆ.

ಮೂರನೇ ವಾರದ ನಾಯಿ

ರಾಗಿ ನಮ್ಮ ಮನೆಗೆ ಬಂದಿದ್ದು ಹೋದ ಜುಲೈನಲ್ಲಿ, ನನ್ನ ಎರಡನೇ ಸೆಮಿಸ್ಟರ್ ಪರೀಕ್ಷೆ ಮುಗಿದ ವಾರ. ಸುಮಾರು ಎರಡು ವರ್ಷದ ಹೆಣ್ಣು ನಾಯಿ, ರಾಗಿ ಹಿಟ್ಟಿನ ಬಣ್ಣ. ಕಟ್ಟಡ ಕಟ್ಟೋ ಜಾಗದಲ್ಲಿ ಇದ್ದವಳನ್ನ ನಾಯಿಗಳನ್ನ ನೋಡಿಕೊಳ್ಳೋ ಒಬ್ಬ ಆಂಟಿ ಕರ್ಕೊಂಡು ಬಂದು, ಸಂತಾನಹರಣದ ಆಪರೇಷನ್ ಮಾಡಿಸಿ, ಲಸಿಕೆ ಹಾಕಿಸಿದ್ರು. ಕಿವಿಯ ತುದೀಲಿ ಒಂದು ಸಣ್ಣ ಕತ್ತರಿಸಿದ ಗುರುತು ಇದೆ. ಬೀದಿ ನಾಯಿಗಳ ಕಿವಿಯಲ್ಲಿ ಆ ಗುರುತು ಕಂಡ್ರೆ ಆಪರೇಷನ್ ಆಗಿದೆ ಅಂತ ಅರ್ಥ. ಜಗಳದಲ್ಲಿ ಕಿವಿ ಹರಿದಿರಬೇಕು ಅಂತ ನಾನು ಅಲ್ಲಿವರೆಗೂ ಅಂದ್ಕೊಂಡಿದ್ದೆ.

ಮೊದಲ ಹತ್ತು ದಿನ ಅವಳು ಸೋಫಾ ಹಿಂದೆ ಮುದುಡಿ ಮಲಗಿದ್ಲು. ಕರೆದ್ರೆ ಬರ್ತಿರ್ಲಿಲ್ಲ, ಬೊಗಳ್ತಾನೂ ಇರ್ಲಿಲ್ಲ. "ಎಷ್ಟು ಸೈಲೆಂಟ್ ನಾಯಿ, ಪಾಪ" ಅಂತ ಅಮ್ಮ ಫೋನಲ್ಲಿ ಎಲ್ಲರಿಗೂ ಹೇಳಿದ್ರು. ನಾಯಿ ಸಾಕೋರ ನಡುವೆ ಒಂದು ಅಂದಾಜಿನ ಲೆಕ್ಕ ಇದೆ: ಹೊಸ ಮನೆಗೆ ಬಂದ ನಾಯಿಗೆ ಹೆದರಿಕೆ ಇಳಿಯೋಕೆ ಮೂರು ದಿನ, ಮನೆಯ ಪದ್ಧತಿ ತಿಳಿಯೋಕೆ ಮೂರು ವಾರ, ಇದು ನನ್ನ ಮನೆ ಅಂತ ಅನ್ನಿಸೋಕೆ ಮೂರು ತಿಂಗಳು. ನಮಗೆ ಅದು ಗೊತ್ತಿರ್ಲಿಲ್ಲ. ಹಾಗಾಗಿ ಮೂರನೇ ವಾರದಲ್ಲಿ ನಿಜವಾದ ರಾಗಿ ಎದ್ದು ಬಂದಾಗ ಮನೆಯವರೆಲ್ಲ ಮೋಸ ಹೋದವರ ಥರ ಆದ್ವಿ.

ಚಪಾತಿ ಹೋಯ್ತು. ಅಪ್ಪನ ಆಫೀಸ್ ಶರ್ಟ್ ಮೇಲೆ ಕಾಲಿನ ಗುರುತು ಬಂತು. ಹೆಲ್ಮೆಟ್ ಹಾಕಿಕೊಂಡು ಗೇಟ್ ಹತ್ರ ಬಂದ ಪ್ರತಿಯೊಬ್ಬ ಡೆಲಿವರಿ ಹುಡುಗನಿಗೂ ಬೀದಿಯೆಲ್ಲ ಕೇಳೋ ಹಾಗೆ ಬೊಗಳಿದ್ಲು. ವಾಕಿಂಗ್‌ಗೆ ಹೋದ್ರೆ ನಾನು ಅವಳನ್ನ ಕರ್ಕೊಂಡು ಹೋಗ್ತಿದ್ದೀನೋ ಅವಳು ನನ್ನನ್ನ ಎಳ್ಕೊಂಡು ಹೋಗ್ತಿದ್ದಾಳೋ ನೋಡಿದವರಿಗೆ ಗೊತ್ತಾಗ್ತಿರ್ಲಿಲ್ಲ. ಎಲ್ಲಕ್ಕಿಂತ ಕೆಟ್ಟ ಅಭ್ಯಾಸ ಒಂದಿತ್ತು. ಬಾಯಿಗೆ ಸಿಕ್ಕಿದ್ದನ್ನ ಡೈನಿಂಗ್ ಟೇಬಲ್ ಕೆಳಗೆ ಎಳ್ಕೊಂಡು ಹೋಗಿ, ಹತ್ತಿರ ಹೋದವರಿಗೆ ಗುರ್ ಅನ್ನೋದು.

ನಾನು ಮಾಡಿದ ತಪ್ಪು ಇಲ್ಲೇ. ಗುರ್ ಅಂದಾಗೆಲ್ಲ ನ್ಯೂಸ್ ಪೇಪರ್ ಸುತ್ತಿ ಮೂತಿ ಮೇಲೆ ಒಂದು ಕೊಡ್ತಿದ್ದೆ. ಜೋರಾಗಿ ಅಲ್ಲ. ಆದ್ರೂ ಕೊಡ್ತಿದ್ದೆ. ಪಕ್ಕದ ಮನೆ ಅಂಕಲ್ ಸಲಹೆ ಅದು: "ಮನೆಗೆ ಯಜಮಾನರು ಯಾರು ಅಂತ ತೋರಿಸ್ಬೇಕಮ್ಮ, ಎರಡು ಬಿಟ್ರೆ ಸರಿಹೋಗುತ್ತೆ." ಸರಿಹೋಯ್ತು ಕೂಡ. ಒಂದು ವಾರದಲ್ಲಿ ರಾಗಿ ಗುರ್ ಅನ್ನೋದನ್ನ ನಿಲ್ಲಿಸಿದ್ಲು. ನಾನು ಗೆದ್ದೆ ಅಂದ್ಕೊಂಡೆ.

ಆಗಸ್ಟ್ ಎರಡನೇ ವಾರ. ಅಜ್ಜಿ ಚಟ್ನಿಪುಡಿಗೆ ಅಂತ ತೆಗೆದಿಟ್ಟಿದ್ದ ಕೊಬ್ಬರಿ ಗಿಟುಕನ್ನ ಅವಳು ಎತ್ಕೊಂಡು ಹೋಗಿ ಟೇಬಲ್ ಕೆಳಗೆ ಕೂತ್ಲು. ಅಜ್ಜಿ ಬಗ್ಗಿ ಕೈ ಹಾಕಿದ್ರು. ಸದ್ದಿಲ್ಲ, ಗುರ್ ಇಲ್ಲ, ಏನೂ ಇಲ್ಲ. ಸೀದಾ ಕಚ್ಚಿದ್ಲು.

ಆ ದಿನ ಕಲಿತದ್ದನ್ನ ಇಲ್ಲೇ ಹೇಳಿಬಿಡ್ತೀನಿ, ಯಾರಿಗಾದ್ರೂ ಉಪಯೋಗಕ್ಕೆ ಬರಬಹುದು. ನಾಯಿ ಕಚ್ಚಿದ ಜಾಗವನ್ನ ಹರಿಯೋ ನೀರಲ್ಲಿ ಸೋಪ್ ಹಾಕಿ 15 ನಿಮಿಷ ತೊಳೀಬೇಕು. ಅರಿಶಿನ, ಖಾರದ ಪುಡಿ, ಸುಣ್ಣ ಏನನ್ನೂ ಹಚ್ಚಬಾರದು. ಅವತ್ತೇ ಆಸ್ಪತ್ರೆಗೆ ಹೋಗ್ಬೇಕು, ಯಾಕಂದ್ರೆ ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯ ಬದುಕೋದು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಅಜ್ಜಿಗೆ ಚರ್ಮ ಸೀಳಿ ರಕ್ತ ಬಂದಿದ್ದರಿಂದ ಗಾಯದ ಜಾಗಕ್ಕೇ ಇಮ್ಯುನೊಗ್ಲಾಬ್ಯುಲಿನ್ ಚುಚ್ಚಿದ್ರು. ಲಸಿಕೆ ಅವತ್ತು ಒಂದು, ಆಮೇಲೆ 3, 7 ಮತ್ತು 28ನೇ ದಿನ. ನಾಯಿಗೆ ಲಸಿಕೆ ಆಗಿದೆ ಅಂದ್ರೂ ಡಾಕ್ಟರ್ ಬಿಡಲಿಲ್ಲ. ನಾಯಿಯನ್ನೂ ಹತ್ತು ದಿನ ಗಮನಿಸಿ ಅಂದ್ರು. ಎಪ್ಪತ್ತೆರಡು ವರ್ಷದ ಅಜ್ಜಿ ಗಾಯದೊಳಗೆ ಸೂಜಿ ಹೋಗುವಾಗ ನನ್ನ ಕೈ ಹಿಡ್ಕೊಂಡಿದ್ರು. ಆ ಹಿಡಿತ ನನಗೆ ಈಗಲೂ ನೆನಪಿದೆ.

ರಾತ್ರಿ ಮನೆಗೆ ಬಂದಾಗ ಟಿವಿಯಲ್ಲೂ ನಾಯಿ ಸುದ್ದಿಯೇ. ದೆಹಲಿಯ ಬೀದಿನಾಯಿಗಳನ್ನೆಲ್ಲ ಹಿಡಿದು ಶೆಲ್ಟರ್‌ಗೆ ಹಾಕಬೇಕು ಅಂತ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಹೇಳಿತ್ತಲ್ಲ, ಅದರ ಚರ್ಚೆ. ಅಪ್ಪ ಟಿವಿ ಆಫ್ ಮಾಡಿ ಒಂದೇ ಮಾತು ಹೇಳಿದ್ರು. "ನಾಳೆ ಆ ಮೇಡಂಗೆ ಫೋನ್ ಮಾಡು. ವಾಪಸ್ ಬಿಟ್ಟು ಬರೋಣ."

ಫೋನ್ ಮಾಡಿದೆ. ಆಂಟಿ ಬೈಲಿಲ್ಲ. "ಆಯ್ತು ಕರ್ಕೊಂಡ್ ಬಾಮ್ಮ, ಇಟ್ಕೋತೀನಿ. ಆದ್ರೆ ಕಚ್ಚಿದ ನಾಯಿ ಅಂತ ಹೇಳ್ದೆ ಬೇರೆಯವರಿಗೆ ಕೊಡೋ ಹಾಗಿಲ್ಲ. ಹೇಳಿದ್ರೆ ಯಾರೂ ತಗೊಳ್ಳಲ್ಲ." ಅಷ್ಟೇ ಹೇಳಿದ್ರು. ಆಮೇಲೆ ಕೇಳಿದ್ರು, "ಕಚ್ಚೋ ಮುಂಚೆ ಗುರ್ ಅನ್ಲಿಲ್ವಾ?" ನಾನು ಪೇಪರ್ ವಿಷಯ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ರು.

ಗುರ್ ಅನ್ನೋದು ನಾಯಿಯ ವಾರ್ನಿಂಗ್. "ದೂರ ಇರು, ನನಗೆ ಭಯ ಆಗ್ತಿದೆ" ಅಂತ ಅದು ಹೇಳೋ ಒಂದು ದಾರಿ ಅದು. ನಾನು ಹೊಡೆದು ಭಯವನ್ನ ತೆಗೀಲಿಲ್ಲ, ವಾರ್ನಿಂಗನ್ನ ತೆಗೆದೆ. ನಮ್ಮ ಭಾಷೇಲಿ ಹೇಳೋದಾದ್ರೆ, ಇಂಜಿನ್ ಬಿಸಿ ಆಗ್ತಿದೆ ಅಂತ ಲೈಟ್ ಹತ್ತಿದಾಗ ನಾನು ಲೈಟಿನ ವೈರ್ ಕತ್ತರಿಸಿದೆ. ಸುಟ್ಟಿದ್ದು ಅಜ್ಜಿಯ ಕೈ.

ಅಪ್ಪನ ಹತ್ರ ಮೂರು ತಿಂಗಳು ಕೇಳಿದೆ. ಒಪ್ಪಿಕೊಂಡ್ರು, ಆದ್ರೆ ಎರಡು ಕಂಡೀಷನ್ ಹಾಕಿದ್ರು. ಅಜ್ಜಿ ಹಾಲ್‌ನಲ್ಲಿದ್ದಾಗ ರಾಗಿ ಬೆಲ್ಟ್‌ನಲ್ಲಿರಬೇಕು. ಅಜ್ಜಿ ಬೇಡ ಅಂದ ದಿನ ವಾಪಸ್. ಅಜ್ಜಿಯನ್ನ ಕೇಳಿದ್ದಕ್ಕೆ "ಇರ್ಲಿ ಪುಟ್ಟಿ. ಆದ್ರೆ ನನ್ನ ಹತ್ರ ಬರೋದು ಬೇಡ" ಅಂದ್ರು.

ಲ್ಯಾಬ್ ರೆಕಾರ್ಡ್

ಈ ಸಲ ಅಂಕಲ್ ಮಾತು ಬಿಟ್ಟು ಓದೋಕೆ ಶುರು ಮಾಡಿದೆ. ಮೊದಲು ಗೊತ್ತಾಗಿದ್ದು ಆ "ಯಜಮಾನ" ಥಿಯರಿಯ ಕಥೆ. ನಾಯಿ ತೋಳದ ವಂಶ, ತೋಳದ ಗುಂಪಿಗೆ ಒಬ್ಬ ಆಲ್ಫಾ ಇರ್ತಾನೆ, ಹಾಗಾಗಿ ನೀವು ಆಲ್ಫಾ ಆಗ್ಬೇಕು ಅನ್ನೋದು ಅದರ ವಾದ. ಇದು ಹರಡೋಕೆ ಒಂದು ಮುಖ್ಯ ಕಾರಣ ಡೇವಿಡ್ ಮೆಕ್ ಅನ್ನೋ ವಿಜ್ಞಾನಿ 1970ರಲ್ಲಿ ತೋಳಗಳ ಬಗ್ಗೆ ಬರೆದ ಪುಸ್ತಕ. ಅದಕ್ಕೆ ಆಧಾರವಾದ ಹಳೆಯ ಅಧ್ಯಯನ ನಡೆದಿದ್ದು ಒಂದೇ ಕಡೆ ಕೂಡಿಹಾಕಿದ್ದ ತೋಳಗಳ ಮೇಲೆ. ಕಾಡಿನ ತೋಳಗಳನ್ನ ವರ್ಷಗಟ್ಟಲೆ ನೋಡಿದ ಮೇಲೆ ಅದೇ ಮೆಕ್ 1999ರಲ್ಲಿ ಬರೆದದ್ದೇನು ಅಂದ್ರೆ, ತೋಳದ ಗುಂಪು ಅಂದ್ರೆ ಸಾಮಾನ್ಯವಾಗಿ ಅಪ್ಪ, ಅಮ್ಮ, ಮಕ್ಕಳು ಇರೋ ಒಂದು ಸಂಸಾರ, ಅಲ್ಲಿ ಆಲ್ಫಾ ಪಟ್ಟಕ್ಕೆ ಕುಸ್ತಿ ನಡೆಯಲ್ಲ ಅಂತ. ಬರೆದವನೇ ತಿದ್ದಿಕೊಂಡಿದ್ದಾನೆ. ನಮ್ಮ ಬೀದಿಗೆ ಆ ತಿದ್ದುಪಡಿ ಇನ್ನೂ ಬಂದಿಲ್ಲ.

ಆಮೇಲೆ ಒಂದು ವಾರ ಲ್ಯಾಬ್ ರೆಕಾರ್ಡ್ ಥರ ಬರೆದೆ. ನಾಲ್ಕು ಕಾಲಂ: ಟೈಮ್, ಅದಕ್ಕೂ ಮುಂಚೆ ಏನಾಯ್ತು, ರಾಗಿ ಏನ್ ಮಾಡಿದ್ಲು, ಅದರಿಂದ ಅವಳಿಗೆ ಏನ್ ಸಿಕ್ತು. ನಾಲ್ಕನೇ ಕಾಲಂ ತುಂಬ್ತಾ ಹೋದ ಹಾಗೆ ನನ್ನ ಮುಖ ಸಪ್ಪಗಾಯ್ತು. ಒಂದೂ ಸಾಲು ಖಾಲಿ ಇರ್ಲಿಲ್ಲ.

ಹಾರಿದಾಗ ಅಪ್ಪ ಬೈತಾ ಬೈತಾನೇ ತಲೆ ಸವರ್ತಿದ್ರು. ತಮ್ಮ ಆಟ ಆಡ್ತಿದ್ದ. ಅಮ್ಮ "ಏಯ್ ಇಳಿಯೇ" ಅಂತ ಕೂಗ್ತಿದ್ರು. ದಿನವಿಡೀ ಒಬ್ಬಳೇ ಇರೋ ನಾಯಿಗೆ ಅದೂ ಮಾತೇ. ಅಡುಗೆ ಕಟ್ಟೆಗೆ ಆ ವಾರ ಹದಿನಾಲ್ಕು ಸಲ ಕಾಲಿಟ್ಟಿದ್ಲು, ಮೂರು ಸಲ ತಿನ್ನೋಕೆ ಸಿಕ್ಕಿತ್ತು. ಡೆಲಿವರಿ ಹುಡುಗನಿಗೆ ಬೊಗಳಿದ್ರೆ ಅವನು ಪ್ರತಿ ಸಲವೂ ಹೊರಟು ಹೋಗ್ತಾನೆ. ಅವನು ಪಾರ್ಸೆಲ್ ಕೊಟ್ಟಾಯ್ತು ಅಂತ ಹೋಗ್ತಾನೆ, ಆದ್ರೆ ರಾಗಿ ಲೆಕ್ಕದಲ್ಲಿ ಅವಳು ಓಡಿಸಿದ್ದು. ಬೆಲ್ಟ್ ಎಳೆದ್ರೆ ನಾನು ಹಿಂದೆ ಹೋಗ್ತೀನಿ, ಲೈಟ್ ಕಂಬ ಬೇಗ ಸಿಗುತ್ತೆ.

ಎಡ್ವರ್ಡ್ ಥಾರ್ನ್‌ಡೈಕ್ ಅನ್ನೋರು 1890ರ ದಶಕದಲ್ಲಿ ಬೆಕ್ಕುಗಳನ್ನ ಪೆಟ್ಟಿಗೆಯೊಳಗೆ ಬಿಟ್ಟು ಅವು ಹೊರಗೆ ಬರೋದನ್ನ ಹೇಗೆ ಕಲೀತಾವೆ ಅಂತ ನೋಡಿದ್ರು. ಒಳ್ಳೇ ಫಲ ಕೊಟ್ಟ ಕೆಲಸವನ್ನ ಪ್ರಾಣಿ ಮತ್ತೆ ಮಾಡುತ್ತೆ ಅನ್ನೋದು ಅವರು ಕಂಡುಕೊಂಡ ನಿಯಮ. ಇದು ಯಾರಿಗಾದ್ರೂ ಹೊಳೆಯುತ್ತೆ. ಹೊಳೆಯದೇ ಇರೋದು ಆಮೇಲೆ ಸ್ಕಿನ್ನರ್ ತೋರಿಸಿದ್ದು. ಪ್ರತಿ ಸಲ ಫಲ ಸಿಗೋ ಅಭ್ಯಾಸಕ್ಕಿಂತ, ಯಾವಾಗ ಸಿಗುತ್ತೆ ಅಂತ ಗೊತ್ತಿಲ್ಲದೆ ಆಗೊಮ್ಮೆ ಈಗೊಮ್ಮೆ ಸಿಗೋ ಅಭ್ಯಾಸವನ್ನ ಬಿಡಿಸೋದು ತುಂಬಾ ಕಷ್ಟ. ಲಾಟರಿ ನಡೆಯೋದು ಹಾಗೇ. ನಾವು ರೀಲ್ಸ್ ಎಳೀತಾ ಕೂರೋದೂ ಹಾಗೇ, ಹತ್ತರಲ್ಲಿ ಒಂದು ಚೆನ್ನಾಗಿರುತ್ತೆ ಅಂತ. ಹದಿನಾಲ್ಕರಲ್ಲಿ ಮೂರು ಸಲ ಚಪಾತಿ ಸಿಕ್ಕಿದ ಅಡುಗೆ ಕಟ್ಟೆ ರಾಗಿಗೆ ಲಾಟರಿ ಅಂಗಡಿ. ಅವಳು ಹಠಮಾರಿ ಅಂತ ನಾವು ಅಂದ್ಕೊಂಡಿದ್ದು ಹಠ ಅಲ್ಲ, ಲೆಕ್ಕ.

ಕನ್ನಡ ಮೀಡಿಯಂ ನಾಯಿ

ಅದೇ ರೆಕಾರ್ಡ್‌ನಲ್ಲಿ ಇನ್ನೊಂದು ವಿಷಯ ಸಿಕ್ತು. "ಇಳಿ" ಅನ್ನೋ ಒಂದೇ ಅರ್ಥಕ್ಕೆ ನಮ್ಮ ಮನೇಲಿ ಐದು ಶಬ್ದ ಇದ್ವು. ನಾನು "ಡೌನ್", ತಮ್ಮ "ನೋ ನೋ", ಅಮ್ಮ "ಇಳಿಯೇ", ಅಪ್ಪ "ಏಯ್", ಅಜ್ಜಿ "ಥೂ, ಹೋಗಾಚೆ". ನಾಯಿಗೆ ಹೇಳಿದ್ರೆ ನಾಯಿ ತನ್ನ ಬಾಲಕ್ಕೆ ಹೇಳ್ತಂತೆ ಅಂತ ಇನ್ನೊಂದು ಗಾದೆ ಇದೆ. ನಮ್ಮನೇಲಿ ಅದು ಉಲ್ಟಾ. ನಾಯಿಗೆ ಕಲಿಸೋ ಕೆಲಸವನ್ನ ಅಪ್ಪ ಅಮ್ಮನಿಗೆ ಹೇಳ್ತಿದ್ರು, ಅಮ್ಮ ನನಗೆ, ನಾನು ತಮ್ಮನಿಗೆ.

ಒಂದು ಭಾನುವಾರ ಮನೆಯವರೆಲ್ಲ ಕೂತು ಮೂರು ಶಬ್ದ ತೀರ್ಮಾನ ಮಾಡಿದ್ವಿ. ಇಂಗ್ಲಿಷ್ ಇರ್ಲಿ ಅಂತ ನಾನು ಹೇಳಿದೆ, ಯೂಟ್ಯೂಬ್‌ನಲ್ಲಿ ಎಲ್ಲರೂ ಸಿಟ್, ಸ್ಟೇ ಅಂತಾನೇ ಹೇಳೋದು. ಅಜ್ಜಿ ನನ್ನನ್ನ ನೋಡಿದ ರೀತಿಯಲ್ಲೇ ಆ ಚರ್ಚೆ ಮುಗೀತು. "ಕೂರು", "ಬಿಡು", "ಬಾ". "ಬೇಡ" ಅನ್ನೋದೂ ಇತ್ತು, ಆದ್ರೆ "ಬಾ"ಗೂ ಅದಕ್ಕೂ ಅವಳು ಗೊಂದಲ ಮಾಡ್ಕೊಳ್ತಿದ್ಲು, ತೆಗೆದ್ವಿ. ಹನ್ನೆರಡು ವರ್ಷ ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಾನು ಮನೇಲಿ ಶುದ್ಧ ಕನ್ನಡದಲ್ಲಿ ಆಜ್ಞೆ ಕೊಡೋಕೆ ಕಲಿತಿದ್ದು ನಾಯಿಯಿಂದ. ನಿಜ ಹೇಳ್ಬೇಕಂದ್ರೆ ನಾಯಿಗೆ ಭಾಷೆ ಮುಖ್ಯ ಅಲ್ಲ, ಎಲ್ಲರೂ ಒಂದೇ ಶಬ್ದವನ್ನ ಒಂದೇ ಅರ್ಥಕ್ಕೆ ಬಳಸೋದು ಮುಖ್ಯ. ಕೈಸನ್ನೆ ಸೇರಿಸಿದ್ರೆ ಇನ್ನೂ ಬೇಗ ಕಲೀತವೆ.

ಮಾಡಿದ್ದು ಏನು ಅಂತ ಚಿಕ್ಕದಾಗಿ ಹೇಳ್ತೀನಿ. ಇದರಲ್ಲಿ ಥ್ರಿಲ್ಲಿಂಗ್ ಯಾವುದೂ ಇಲ್ಲ.

ಕಳ್ಳತನಕ್ಕೆ ಟ್ರೈನಿಂಗೇ ಕೊಡ್ಲಿಲ್ಲ. ಅಡುಗೆಮನೆ ಬಾಗಿಲಿಗೆ ಸೊಂಟದೆತ್ತರದ ಒಂದು ಹಲಗೆ ಅಡ್ಡ ಹಾಕಿದ್ವಿ, ಪಾತ್ರೆಗಳಿಗೆ ಮುಚ್ಚಳ ಹಾಕೋದನ್ನ ನಾವು ಕಲಿತ್ವಿ. ಲಾಟರಿ ಅಂಗಡಿಯ ಬಾಗಿಲು ಮುಚ್ತು. ಆರು ವಾರ ಆದ್ಮೇಲೆ ಹಲಗೆ ತೆಗೆದಾಗ ಅವಳು ಆ ಕಡೆ ಹೋಗೋದನ್ನೇ ಕಡಿಮೆ ಮಾಡಿದ್ಲು.

ಹಾರೋದಕ್ಕೆ: ನಾಲ್ಕು ಕಾಲು ನೆಲದ ಮೇಲಿದ್ರೆ ಮಾತ್ರ ಮುಟ್ಟೋದು, ಹಾರಿದ್ರೆ ಬೆನ್ನು ತಿರುಗಿಸಿ ನಿಲ್ಲೋದು. ಮೂರು ದಿನ ಚೆನ್ನಾಗಿತ್ತು. ನಾಲ್ಕನೇ ದಿನ ಅವಳು ಹಿಂದೆಂದೂ ಇಲ್ಲದ ಹಾಗೆ ಹಾರಿ ಅಪ್ಪನ ಶರ್ಟ್ ಹರಿದ್ಲು. "ನಿನ್ ಸೈನ್ಸ್ ಫೇಲ್" ಅಂದ್ರು ಅಪ್ಪ. ಆದ್ರೆ ಪುಸ್ತಕದಲ್ಲಿ ಇದೂ ಇತ್ತು. ಇಷ್ಟು ದಿನ ಕೆಲಸ ಮಾಡ್ತಿದ್ದ ಉಪಾಯ ಇದ್ದಕ್ಕಿದ್ದ ಹಾಗೆ ಕೆಲಸ ಮಾಡದಿದ್ರೆ ಪ್ರಾಣಿ ಅದನ್ನ ಬಿಡೋ ಮುಂಚೆ ಒಂದು ಸಲ ಜೋರಾಗಿ ಪ್ರಯತ್ನ ಮಾಡುತ್ತೆ. ರಿಸಲ್ಟ್ ದಿನ ಪೇಜ್ ಓಪನ್ ಆಗದಿದ್ರೆ ನಾವು ರಿಫ್ರೆಶ್ ಒತ್ತೋದನ್ನ ಬಿಡಲ್ಲ, ಇನ್ನೂ ಜೋರಾಗಿ ಒತ್ತುತೀವಿ. ಹಾಗೆ. ಬಹಳ ಜನ ಸೋಲೋದು ಈ ನಾಲ್ಕನೇ ದಿನ. ತಡೀಲಾರದೆ ತಲೆ ಸವರಿದ್ರೆ, ಇನ್ನೂ ಎತ್ತರಕ್ಕೆ ಹಾರಿದ್ರೆ ಸಿಗುತ್ತೆ ಅಂತ ಕಲಿಸಿದ ಹಾಗೆ. ನಾವು ಹಳೇ ಟೀ ಶರ್ಟ್ ಹಾಕ್ಕೊಂಡು ಹತ್ತು ದಿನ ತಡೆದ್ವಿ.

ಬೆಲ್ಟ್ ಎಳೆಯೋದಕ್ಕೆ: ಎಳೆದ ಕೂಡಲೇ ನಿಲ್ಲೋದು, ಸಡಿಲ ಬಿಟ್ಟ ಮೇಲೆ ನಡೆಯೋದು. ಮೊದಲ ದಿನ ನಮ್ಮ ಗೇಟಿಂದ ರಸ್ತೆ ತಿರುವಿಗೆ ಹೋಗೋಕೆ ನಲವತ್ತು ನಿಮಿಷ ಆಯ್ತು. ತರಕಾರಿ ಗಾಡಿಯವರು "ಏನವ್ವಾ, ನಾಯಿ ಕೆಟ್ಟು ನಿಂತಿದೆಯಾ?" ಅಂತ ಕೇಳಿದ್ರು.

ಕಷ್ಟದ್ದು ಟೇಬಲ್ ಕೆಳಗಿನ ಗುರ್. ಅದಕ್ಕೆ ಕಿತ್ಕೊಳ್ಳೋದನ್ನ ಬಿಟ್ಟು ಅದಲು ಬದಲು ಶುರು ಮಾಡಿದೆ. ಅವಳಿಗೆ ಅಷ್ಟೇನೂ ಇಷ್ಟ ಇಲ್ಲದ ವಸ್ತು, ಹಳೇ ಚೆಂಡು, ಬಾಯಲ್ಲಿದ್ದಾಗ ದೂರದಿಂದ ಬೇಯಿಸಿದ ಮೊಟ್ಟೆಯ ತುಂಡು ಎಸೆದು "ಬಿಡು" ಅನ್ನೋದು. ಅವಳು ಬಿಟ್ಟು ಬಂದು ತಿಂದ ಮೇಲೆ ಚೆಂಡನ್ನ ವಾಪಸ್ ಕೊಡೋದು. ವಾಪಸ್ ಕೊಡೋದೇ ಇದರ ಜೀವಾಳ. ಮನುಷ್ಯ ಹತ್ತಿರ ಬಂದ್ರೆ ಇರೋದೂ ಹೋಗುತ್ತೆ ಅನ್ನೋ ಲೆಕ್ಕ, ಮನುಷ್ಯ ಬಂದ್ರೆ ಇನ್ನೂ ಒಳ್ಳೇದು ಬರುತ್ತೆ ಅಂತ ಬದಲಾಗ್ಬೇಕು. ಚೆಂಡಿಂದ ಚಪ್ಪಲಿಗೆ, ಚಪ್ಪಲಿಯಿಂದ ಚಪಾತಿಗೆ, ಕೊನೆಗೆ ಕೊಬ್ಬರಿಗೆ. ಹನ್ನೊಂದು ವಾರ ಬೇಕಾಯ್ತು. ಈಗ ಅವಳು ಯಾವಾಗಾದ್ರೂ ಗುರ್ ಅಂದ್ರೆ ನಾನು ಬೈಯಲ್ಲ. ಎರಡು ಹೆಜ್ಜೆ ಹಿಂದೆ ಹೋಗಿ, ಎಲ್ಲಿ ಎಡವಿದೆ ಅಂತ ಯೋಚನೆ ಮಾಡ್ತೀನಿ. ಆ ಸದ್ದು ವಾಪಸ್ ಬಂದಿದ್ದಕ್ಕೆ ನಮ್ಮ ಪಶುವೈದ್ಯರು "ಒಳ್ಳೇ ಲಕ್ಷಣ" ಅಂದ್ರು.

ಒಂದು ಎಚ್ಚರಿಕೆ: ಬಹುಮಾನ ಅಂತ ಮನೇಲಿರೋದನ್ನೆಲ್ಲ ಕೊಡ್ಬೇಡಿ. ಈರುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ. ದ್ರಾಕ್ಷಿ ಹಾಕಿದ ಕೇಸರಿಬಾತ್, ಈರುಳ್ಳಿ ಹಾಕಿದ ಹುಳಿ ಅನ್ನ ಎರಡೂ ಬೇಡ. ಮೊಟ್ಟೆ, ಬೇಯಿಸಿದ ಗೆಣಸು ಸಾಕು.

ಎಲ್ಲ ಸರಿಹೋಯ್ತಾ? ಇಲ್ಲ. ಹೆಲ್ಮೆಟ್ ಕಂಡ್ರೆ ಈಗಲೂ ಬೊಗಳ್ತಾಳೆ, ಮೊದಲಿನಷ್ಟು ಅಲ್ಲ. ದೀಪಾವಳಿಯ ಮೂರು ರಾತ್ರಿ ಮಂಚದ ಕೆಳಗೇ ಇದ್ಲು. ನನ್ನ ಇಂಟರ್ನಲ್ಸ್ ವಾರ ಟ್ರೈನಿಂಗ್ ತಪ್ಪಿದಾಗ ಹಾರೋದು ವಾಪಸ್ ಬಂತು. ನಾಯಿಮರಿಗೆ ಹುಟ್ಟಿದ ಮೂರನೇ ವಾರದಿಂದ ಹದಿನಾಲ್ಕನೇ ವಾರದ ತನಕ, ಹೆಚ್ಚುಕಡಿಮೆ ಅಷ್ಟರಲ್ಲಿ, ಯಾವುದಕ್ಕೆ ಹೆದರಬೇಕು ಯಾವುದಕ್ಕೆ ಬೇಡ ಅನ್ನೋದು ತಲೇಲಿ ಕೂರುತ್ತೆ. ರಾಗಿ ಆ ದಿನಗಳನ್ನ ಎಲ್ಲಿ ಕಳೆದ್ಲೋ ನಮಗೆ ಗೊತ್ತಿಲ್ಲ. ದೊಡ್ಡ ನಾಯಿಯೂ ಕಲಿಯುತ್ತೆ, ಆದ್ರೆ ಕೆಲವು ಭಯಗಳು ಕಡಿಮೆಯಾಗ್ತವೆ ಅಷ್ಟೇ, ಪೂರ್ತಿ ಹೋಗಲ್ಲ. ಅಷ್ಟನ್ನ ಒಪ್ಪಿಕೊಂಡೇ ಸಾಕ್ಬೇಕು.

ಈಗ ಕ್ಯಾಂಪಸ್ ವಿಷಯ

2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಇನ್ನೊಂದು ಆದೇಶ ಕೊಡ್ತು. ಶಾಲೆ, ಕಾಲೇಜು, ಆಸ್ಪತ್ರೆ, ಕ್ರೀಡಾಂಗಣ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಲ್ಲಿರೋ ಬೀದಿನಾಯಿಗಳನ್ನ ಹಿಡಿದು, ಸಂತಾನಹರಣ ಮತ್ತು ಲಸಿಕೆ ಮಾಡಿಸಿ, ಶೆಲ್ಟರ್‌ಗೆ ಸೇರಿಸಬೇಕು, ಮತ್ತೆ ಅದೇ ಜಾಗಕ್ಕೆ ಬಿಡಬಾರದು ಅಂತ. 2023ರ ಎಬಿಸಿ ನಿಯಮಗಳ ಪ್ರಕಾರ ಆಪರೇಷನ್ ಆದ ನಾಯಿಯನ್ನ ಹಿಡಿದ ಜಾಗಕ್ಕೇ ವಾಪಸ್ ಬಿಡೋದು ಪದ್ಧತಿ. ಹಾಗಾಗಿ ಇದು ದೊಡ್ಡ ಬದಲಾವಣೆ. ಅದು ಸರಿಯೋ ತಪ್ಪೋ ಅಂತ ಕ್ಯಾಂಟೀನ್‌ನಲ್ಲಿ ಸಾಕಷ್ಟು ಜಗಳ ಆಗಿದೆ, ಇಲ್ಲಿ ಮತ್ತೆ ಬೇಡ. ಕಚ್ಚಿಸಿಕೊಂಡ ಅಜ್ಜಿಯ ಮೊಮ್ಮಗಳಾಗಿ ಎರಡೂ ಕಡೆಯವರ ಮಾತು ನನಗೆ ಅರ್ಥ ಆಗುತ್ತೆ.

ನನ್ನ ಚಿಂತೆ ಬೇರೆ. ಆ ಆದೇಶ ಬಂದ ಮೇಲೆ ನಮ್ಮ ಹಾಸ್ಟೆಲ್ ಗ್ರೂಪ್‌ಗಳಲ್ಲಿ "ನಮ್ ಕ್ಯಾಂಟೀನ್ ನಾಯೀನ ನಾವೇ ಅಡಾಪ್ಟ್ ಮಾಡ್ಕೊಳ್ಳೋಣ" ಅನ್ನೋ ಮೆಸೇಜ್ ಓಡಾಡ್ತಿದೆ. ನಾಲ್ಕು ಜನ ಸೇರಿ ರೂಮ್ ಮಾಡಿದೋರು ಒಂದು ನಾಯಿ ಇಟ್ಕೊಳ್ಳೋ ಪ್ಲಾನ್ ಮಾಡಿದಾರೆ. ಅವರ ಪ್ರೀತಿಯ ಬಗ್ಗೆ ನನಗೆ ಅನುಮಾನ ಇಲ್ಲ. ಜುಲೈನಲ್ಲಿ ನನಗೂ ಪ್ರೀತಿ ಬೇಕಾದಷ್ಟಿತ್ತು. ಪೇಪರ್ ಸುತ್ತಿ ಹೊಡೆಯುವಾಗಲೂ ಇತ್ತು.

ನನ್ನ ಅಭಿಪ್ರಾಯ ಇಷ್ಟೇ: ಹಾಸ್ಟೆಲ್‌ನಲ್ಲಿರೋರು, ರೂಮ್ ಮಾಡ್ಕೊಂಡಿರೋರು ನಾಯಿಯನ್ನ ದತ್ತು ತಗೋಬೇಡಿ. ನಮ್ಮ ಡಿಗ್ರಿ ನಾಲ್ಕು ವರ್ಷ, ನಾಯಿ ಹನ್ನೆರಡು, ಹದಿನಾಲ್ಕು ವರ್ಷ ಬದುಕುತ್ತೆ. ಪ್ಲೇಸ್‌ಮೆಂಟ್ ಆಗಿ ಒಬ್ಬ ಪುಣೆಗೆ, ಇನ್ನೊಬ್ಬ ಹೈದರಾಬಾದ್‌ಗೆ ಹೋದಾಗ ನಾಯಿ ಯಾರ ಪಾಲು? ಸೆಮಿಸ್ಟರ್ ರಜೆಯಲ್ಲಿ ಯಾರ ಮನೆ? ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ವಾಕಿಂಗ್, ಐದೈದು ನಿಮಿಷದಂತೆ ಮೂರು ಸಲ ಟ್ರೈನಿಂಗ್, ಪರೀಕ್ಷೆಯ ಹಿಂದಿನ ದಿನವೂ. ಊಟ, ಔಷಧಿ, ಉಣ್ಣೆ ಹುಳದ ಮಾತ್ರೆ ಎಲ್ಲ ಸೇರಿ ನಮ್ಮನೇಲಿ ತಿಂಗಳಿಗೆ ಎರಡೂವರೆ ಸಾವಿರ ಆಗುತ್ತೆ. ರೇಬೀಸ್ ಲಸಿಕೆ ಪ್ರತಿ ವರ್ಷ ಇದ್ದೇ ಇದೆ. ಇದೆಲ್ಲ ಮಾಡಿಯೂ ರೂಮಲ್ಲಿ ನಾಲ್ವರಲ್ಲಿ ಒಬ್ಬ ಕದ್ದು ಮುಚ್ಚಿ ಪರೋಟ ಹಾಕಿದ್ರೆ ಲಾಟರಿ ಅಂಗಡಿ ಮತ್ತೆ ಓಪನ್.

ಹಾಗಂದ್ರೆ ಸುಮ್ನೆ ಕೂರೋದಾ? ಬೇಡ. ಮನೇಲಿ ಇರೋ ಡೇ ಸ್ಕಾಲರ್‌ಗಳು, ಮನೆಯವರೆಲ್ಲ ಒಪ್ಪಿದ್ರೆ, ಖಂಡಿತ ತಗೊಳ್ಳಿ. ಎಲ್ಲರೂ ಅಂದ್ರೆ ಅಜ್ಜಿಯೂ. ನಾವು ಅಜ್ಜಿಯನ್ನ ಕೇಳದೆ ತಂದಿದ್ವಿ, ಅದು ನಮ್ಮ ಮೊದಲ ತಪ್ಪು. ಹಾಸ್ಟೆಲ್‌ನವರು ಒಂದು ನಾಯಿಯ ಆಪರೇಷನ್ ಖರ್ಚಿಗೆ ದುಡ್ಡು ಕೂಡಿಸಬಹುದು. ಶೆಲ್ಟರ್‌ಗೆ ಭಾನುವಾರ ಹೋಗಿ ಅಲ್ಲಿನ ನಾಯಿಗಳಿಗೆ ಬೆಲ್ಟ್ ಹಾಕಿ ನಡೆಯೋದು, ಕರೆದ್ರೆ ಬರೋದು ಕಲಿಸಬಹುದು. ಹಾರದ, ಎಳೆಯದ ನಾಯಿಗೆ ಮನೆ ಬೇಗ ಸಿಗುತ್ತೆ. ಫೋಟೋ ಹಾಕಿ "ಪ್ಲೀಸ್ ಅಡಾಪ್ಟ್" ಅನ್ನೋದಕ್ಕಿಂತ ಇದು ಹೆಚ್ಚು ಕೆಲಸಕ್ಕೆ ಬರುತ್ತೆ.

ಈಗಾಗ್ಲೇ ನಾಯಿ ತಂದು ಮೂರನೇ ವಾರದಲ್ಲಿ ತಲೆ ಮೇಲೆ ಕೈ ಹೊತ್ತು ಕೂತಿರೋರಿಗೆ: ವಾಪಸ್ ಕೊಡೋದು ಪಾಪ ಅಂತ ನಾನು ಹೇಳಲ್ಲ. ಮನೇಲಿ ಪುಟ್ಟ ಮಗು ಇದ್ದು, ನಾಯಿ ಕಚ್ಚೋ ಹಾಗಿದ್ದು, ಅವೆರಡನ್ನೂ ಬೇರೆ ಇಡೋಕೆ ಜಾಗ ಇಲ್ಲ ಅಂದ್ರೆ ವಾಪಸ್ ಕೊಡೋದೇ ಸರಿ. ರಾತ್ರೋರಾತ್ರಿ ರಿಂಗ್ ರೋಡಲ್ಲಿ ಬಿಟ್ಟು ಬರೋದಕ್ಕಿಂತ ಎಷ್ಟೋ ಸರಿ. ಅದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ ಕೂಡ. ಆದ್ರೆ "ಹಠಮಾರಿ, ಕಲಿಯಲ್ಲ" ಅನ್ನೋ ಕಾರಣ ಕೊಡೋ ಮುಂಚೆ ಒಂದು ವಾರ ಆ ನಾಲ್ಕು ಕಾಲಂ ಬರೀರಿ. ನಾಲ್ಕನೇ ಕಾಲಂನಲ್ಲಿ ನಿಮ್ಮ ಮನೆಯವರ ಹೆಸರು ಎಷ್ಟು ಸಲ ಬರುತ್ತೆ ನೋಡಿ. ಆಮೇಲೆ ತೀರ್ಮಾನ ಮಾಡಿ.

ಅಪ್ಪ ಕೊಟ್ಟ ಮೂರು ತಿಂಗಳ ಗಡುವು ನವೆಂಬರ್‌ನಲ್ಲಿ ಮುಗೀತು. ಯಾರೂ ಅದರ ಬಗ್ಗೆ ಮಾತಾಡ್ಲಿಲ್ಲ. ಅಜ್ಜಿಯ ಕೈ ಮೇಲೆ ಸಣ್ಣ ಗುರುತು ಉಳಿದಿದೆ. ಅವರು ಇವತ್ತಿಗೂ ರಾಗಿಯನ್ನ ಮುಟ್ಟಲ್ಲ, ಮುಟ್ಟಿ ಅಂತ ನಾವ್ಯಾರೂ ಹೇಳಲ್ಲ. ಆದ್ರೆ ಸಂಜೆ ಹಾಲ್‌ನಲ್ಲಿ ಕುರ್ಚಿ ಹಾಕ್ಕೊಂಡು ಕೂತು, ನಾಲ್ಕು ಅಡಿ ದೂರದಿಂದ "ಕೂತ್ಕೊಳ್ಳೇ" ಅಂತಾರೆ. "ಕೂರು" ಅನ್ನೋದು ಅವರಿಗೆ ತೀರಾ ಒರಟು ಅನ್ನಿಸ್ತಂತೆ. ರೂಲ್ ಪ್ರಕಾರ ಅದು ತಪ್ಪು ಶಬ್ದ. ರಾಗಿ ಕೂರ್ತಾಳೆ. ಅಜ್ಜಿ ಒಂದು ತುಂಡು ಗೆಣಸು ಎಸೀತಾರೆ. ಬಾಲ ಡೊಂಕಾಗೇ ಅಲ್ಲಾಡುತ್ತೆ.